ನಿಲ್ಲುವ ಕಾಲು, ನಡೆಯುವ ಕಾಲು

ಹೊನ್ನಾಳಿ

ಕೂಸೇ,

ಜಗಳೂರಿನಿಂದ ನೀನು ಹಾಕಿದ ಕಾಗದ ಮೊನ್ನೆ ಸಿಕ್ಕಿತು. ಕೈಯಲ್ಲಿ ಫೋನಿದ್ದೂ ಕಾಗದ ಬರೆದಿದ್ದೀಯಲ್ಲ, ಅಪ್ಪ-ಅವ್ವನ ಎದುರು ಕೇಳಲಾಗದ್ದೇನೋ ಇದೆ ಅಂತ ಆಗಲೇ ಅಂದುಕೊಂಡೆ. ಇಂಗ್ಲಿಷ್ ಕವಿ ಜಾನ್ ಡನ್ ಮೊದಲು ಮೈಯ ಪ್ರೀತಿ ಬರೆದ, ಪಾದ್ರಿಯಾದ ಮೇಲೆ ದೇವರ ಪ್ರೀತಿ ಬರೆದ ಎಂದು ಎಂ.ಎ. ನೋಟ್ಸಿನಲ್ಲಿದೆಯಂತೆ. ಹಾಗಾದರೆ ಮೊದಲಿನದು ಕೀಳಾ ದೊಡ್ಡಪ್ಪ, ಅಂತ ನಿನ್ನ ಪ್ರಶ್ನೆ. ಬರುವ ತಿಂಗಳು ಚನ್ನಗಿರಿಗೆ ಸೊಸೆಯಾಗಿ ಹೋಗುವವಳು ಇದನ್ನು ಬರೀ ಪರೀಕ್ಷೆಗೆ ಕೇಳಿರಲಾರಳು.

ನೋಟ್ಸಿನ ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅವನ ಪ್ರೇಮಪದ್ಯಗಳಲ್ಲಿ ಹೆಚ್ಚಿನವು ಅಚ್ಚಾದದ್ದು 1633ರಲ್ಲಿ, ಅವನು ಸತ್ತು ಎರಡು ವರ್ಷಕ್ಕೆ. ಯಾವುದು ಯಾವಾಗಿನದೆಂದು ನಡುವೆ ಬದು ಹಾಕುವುದು ಹೇಗೆ? 1601ರಲ್ಲಿ ಅವನು ಆ್ಯನ್ ಮೋರ್ ಎಂಬ ಹುಡುಗಿಯನ್ನು ಗುಟ್ಟಾಗಿ ಮದುವೆಯಾದ. ಮಾವ ದೊಡ್ಡ ಕುಳ. ಅಳಿಯನನ್ನು ಜೈಲಿಗೆ ಹಾಕಿಸಿದ, ಕೆಲಸವೂ ಹೋಯಿತು. 1615ರಲ್ಲಿ ಡನ್ ಪಾದ್ರಿಯಾದ. ಇನ್ನೆರಡು ವರ್ಷಕ್ಕೆ, ಹನ್ನೆರಡನೇ ಹೆರಿಗೆಯಾಗಿ ಕೆಲವೇ ದಿನದಲ್ಲಿ ಆ್ಯನ್ ತೀರಿಕೊಂಡಳು. ಆಗ ಬರೆದ ಸಾನೆಟ್ಟಿನಲ್ಲಿ, ಅವಳನ್ನು ಮೆಚ್ಚಿದ್ದರಿಂದಲೇ ತನ್ನ ಮನಸ್ಸು ದೇವರನ್ನು ಹುಡುಕಹೊರಟಿತು ಎನ್ನುತ್ತಾನೆ. ಹೊಳೆಯ ಜಾಡು ಹಿಡಿದು ಅದು ಹುಟ್ಟುವ ಜಾಗ ಮುಟ್ಟಿದ ಹಾಗೆ. ಇಷ್ಟು ಹೇಳಿ ಸುಮ್ಮನಾಗಿದ್ದರೆ ಅದು ಪಾದ್ರಿಯ ಪದ್ಯವಾಗುತ್ತಿತ್ತು. ದೇವರು ಸಿಕ್ಕ ಮೇಲೂ ಬಾಯಾರಿಕೆ ಹೋಗಿಲ್ಲ ಎಂದೂ ಸೇರಿಸುತ್ತಾನೆ. ಬರದ ಸೀಮೆ ಜಗಳೂರಿನವಳಿಗೆ ಬಾಯಾರಿಕೆಯ ಅರ್ಥ ನಾನೇನು ಹೇಳಲಿ! ಮೈಯ ಪ್ರೀತಿ ಅವನಿಗೆ ಒದ್ದು ಹತ್ತಿದ ಮೆಟ್ಟಿಲಲ್ಲ, ಕೂಸೇ.

ಅವನ ಕೈವಾರದ, ಅಂದರೆ ಕಂಪಾಸಿನ, ಪದ್ಯ ಓದಿರುತ್ತೀಯ. ದೂರ ಹೊರಟ ಗಂಡ ಹೆಂಡತಿಗೆ ಸಮಾಧಾನ ಹೇಳುತ್ತಾನೆ: ನೀನು ನಡುವೆ ಊರಿದ ಕಾಲು, ನಾನು ಸುತ್ತುವ ಕಾಲು, ನಾನು ದೂರ ಹೋದಷ್ಟೂ ನೀನು ನನ್ನ ಕಡೆ ಬಾಗುತ್ತೀಯ. ಕಣ್ಣು, ತುಟಿ, ಕೈ ಹತ್ತಿರ ಇಲ್ಲದಿದ್ದರೂ ನಮಗೇನೂ ಕೊರತೆಯಿಲ್ಲ ಎಂದು ಜಂಬ ಕೊಚ್ಚುವ ಪದ್ಯವೇ ಅದು. ಆದರೆ ಆತ್ಮದ ಮಾತು ಹೇಳಲು ಹೋದವನಿಗೆ ಸಿಕ್ಕಿದ್ದು ಬಡಗಿಯ ಕೈಯ ಸಾಮಾನು. ಇಂಥ ಜೋಡಣೆ ಕಂಡರೆ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಆಗುತ್ತಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥವನ್ನು ಡನ್‌ನಂಥ ಕವಿಗಳು ತಂದು ಒಂದೇ ನೊಗಕ್ಕೆ ಕಟ್ಟುತ್ತಾರೆ ಎಂಬುದು ಅವನ ತಕರಾರು. ನಾನು ಈ ಪದ್ಯವನ್ನು ನಿನ್ನ ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. "ಊರಿ ನಿಲ್ಲೋ ಕಾಲು ಯಾವಾಗ್ಲೂ ಹೆಂಡ್ತೀದೇ ಯಾಕೆ?" ಅಂದಳು. ಸುಮ್ಮನೆ ಕನ್ನಡಕ ಒರೆಸಿಕೊಂಡೆ.

ಅವಳ ಮಾತಿಗೆ ಉತ್ತರ ಇರುವುದು ಇಂಗ್ಲೆಂಡಿನಲ್ಲಲ್ಲ. ನ್ಯಾಮತಿ, ಸವಳಂಗ ದಾಟಿ ಶಿಕಾರಿಪುರದಾಚೆಗೆ ಹೋದರೆ ಉಡುತಡಿ. ಡನ್‌ಗಿಂತ ನಾನೂರು ವರ್ಷ ಮೊದಲು ಅಕ್ಕಮಹಾದೇವಿ ಅಲ್ಲಿಂದ ಹೊರಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಅವಳು ಸುತ್ತುವ ಕಾಲು. ಶ್ರೀಶೈಲದ ದೇವರು ಮಲ್ಲಿಕಾರ್ಜುನ ಊರಿ ನಿಂತವನು. ಅವಳು ದೇಹವನ್ನು ಹಳಿದದ್ದೂ ಉಂಟು, ಮುಚ್ಚಿಡುವುದಿಲ್ಲ. ಲೋಕದ ಗಂಡಂದಿರ ಬಗ್ಗೆಯಂತೂ ಅವಳಿಗೆ ಒಳ್ಳೆಯ ಮಾತೇ ಇಲ್ಲ. ಆದರೂ ಮಾಯೆಯ ಕಥೆ ಹೇಳಲು ಅತ್ತೆ, ಮಾವ, ಮೈದುನರಿರುವ ಮನೆಯೇ ಅವಳಿಗೆ ಬೇಕಾಯಿತು. ದೇವರನ್ನು ಕರೆಯಲು ಗಂಡ ಎಂಬ ಮಾತೇ ಬೇಕಾಯಿತು. ಹೆಂಡತಿಯಿಂದ ದೇವರ ಕಡೆಗೆ ಹೋದವನು ಡನ್. ಇವಳು ದೇವರ ಹೆಂಡತಿಯಾಗಿಯೇ ಮನೆ ಬಿಟ್ಟಳು. ಇಬ್ಬರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವವಳು ಅಕ್ಕ.

ಚನ್ನಗಿರಿಗೆ ಹೋದ ಮೇಲೆ ಒಂದು ಸಂಜೆ ಗಂಡನನ್ನು ಕರೆದುಕೊಂಡು ಕೆರೆ ಏರಿಗೆ ಹೋಗು. ಸರ್ಕಾರಿ ಬೋರ್ಡಿನಲ್ಲಿ ಅದು ಶಾಂತಿಸಾಗರ. ನೀನು ಕೇಳಿದ ಮೈಯ ಪ್ರೀತಿ, ದೇವರ ಪ್ರೀತಿ ಎರಡೂ ಅದರ ಕಥೆಯಲ್ಲಿವೆ. ರಾಜನ ಮಗಳೊಬ್ಬಳು ದೇವರೊಬ್ಬನನ್ನು ಕೂಡಿದಳಂತೆ, ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಿದಳಂತೆ, ಅಪ್ಪನ ಪಟ್ಟಣವೇ ಮುಳುಗಿ ಅವನು ಬೈದ ಬೈಗುಳ ಕೆರೆಯ ಹೆಸರಾಯಿತಂತೆ. ಇನ್ನು ಕೆಲವರು, ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಇಡಬೇಕೆಂದು ಕರಾರು ಮಾಡಿಕೊಂಡರು ಎನ್ನುತ್ತಾರೆ. ನನಗೆ ಕರಾರಿನ ಕಥೆಯೇ ಇಷ್ಟ.

ಬಸ್ಸಿನಲ್ಲಿ ಶಾಂತಿಸಾಗರ ಅಂತ ಟಿಕೆಟ್ ಕೇಳಬೇಡ. ನಾಚಿಕೆ ಬಿಟ್ಟು ಸೂಳೆಕೆರೆ ಅನ್ನು.

ನಿನ್ನ,
ದೊಡ್ಡಪ್ಪ