ತೋಟ, ಬಯಲು, ರಂಗ

ಮಲೆನಾಡಿನ ಊರುಗಳನ್ನು ಬಯಲುಸೀಮೆಯ ಊರುಗಳಂತೆ ಒಂದೇ ನೋಟದಲ್ಲಿ ಕಾಣಲಾಗುವುದಿಲ್ಲ. ಅಲ್ಲಿ ಬೀದಿಯ ಎರಡು ಬದಿಗೆ ಒತ್ತಾಗಿ ನಿಂತ ಮನೆಗಳಿಲ್ಲ, ಅಗಸೆಬಾಗಿಲಿಲ್ಲ, ಸಂಜೆಯ ವೇಳೆಗೆ ಜನ ಸೇರುವ ಚಾವಡಿಯೂ ಅಪರೂಪ. ಸಾಗರ, ಸೊರಬ, ಸಿದ್ದಾಪುರ, ಶಿರಸಿಗಳ ಸೀಮೆಯಲ್ಲಿ ಕಣಿವೆಯ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಮೇಲಣ ಏರಿನಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ ಎಂಬುದು ವಾಡಿಕೆಯ ವಿನ್ಯಾಸ. ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗಬೇಕಾದರೆ ಒಂದು ಗುಡ್ಡವನ್ನೋ ಒಂದು ಹಳ್ಳವನ್ನೋ ದಾಟಬೇಕು. ಮಳೆಗಾಲದ ನಾಲ್ಕು ತಿಂಗಳು ಹಳ್ಳ ತುಂಬಿದಾಗ ನೆರೆಮನೆಯೂ ದೂರದ ಊರೇ ಆಗುತ್ತಿತ್ತು. ಇಂತಹ ನೆಲದಲ್ಲಿ ಸಮುದಾಯವೆಂಬುದು ತಾನಾಗಿ ಹುಟ್ಟುವ ವಸ್ತುವಲ್ಲ. ಜನ ಅದನ್ನು ಪ್ರಯತ್ನಪೂರ್ವಕವಾಗಿ ಕಟ್ಟಿಕೊಳ್ಳಬೇಕಾಯಿತು.

ಮೊದಲ ಗಂಟು ಬಿದ್ದದ್ದು ಬೇಸಾಯದಿಂದ. ಅಡಿಕೆಯ ಬೇಸಾಯ ಒಂಟಿ ಕೈಯ ಕೆಲಸವಲ್ಲ. ಬೆಟ್ಟದಿಂದ ಸೊಪ್ಪು, ದರಕು ತರಬೇಕು; ಕೊಳೆರೋಗ ತಗುಲದಂತೆ ಮಳೆಯ ನಡುವೆ ಬಿಡುವು ನೋಡಿ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು; ಚಳಿಗಾಲದಲ್ಲಿ ಕೊನೆಕೊಯ್ಲು ಮುಗಿಸಿ, ಅಡಿಕೆ ಸುಲಿದು, ಬೇಯಿಸಿ, ಒಣಗಿಸಬೇಕು. ಈ ಕೆಲಸಗಳಿಗೆ ಕೂಲಿಯಾಳುಗಳ ಜೊತೆಗೆ ಮುಯ್ಯಾಳುಗಳೂ ಬರುತ್ತಿದ್ದರು. ಇಂದು ನಿನ್ನ ಮನೆಯ ಕೆಲಸಕ್ಕೆ ನಾನು, ನಾಳೆ ನನ್ನ ಮನೆಯ ಕೆಲಸಕ್ಕೆ ನೀನು ಎಂಬ ಈ ಏರ್ಪಾಡಿಗೆ ಬರಹದ ಲೆಕ್ಕವಿರಲಿಲ್ಲ. ಆದರೆ ಲೆಕ್ಕವನ್ನು ಯಾರೂ ಮರೆಯುತ್ತಿರಲಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತವರು ನಿದ್ದೆಯನ್ನು ದೂರವಿಡಲು ಕಥೆ ಹೇಳಿದರು, ಹಾಡಿದರು, ಹಿಂದಿನ ವರ್ಷ ನೋಡಿದ ಆಟದ ಅರ್ಥವನ್ನು ವಿಮರ್ಶಿಸಿದರು.

ಮಳೆಗಾಲಕ್ಕೆ ಒಪ್ಪುವ ಕಲೆಯೊಂದನ್ನೂ ಈ ನಾಡು ರೂಢಿಸಿಕೊಂಡಿತು. ಅದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವೂ ಬೇಕಿಲ್ಲ. ಭಾಗವತ, ಮದ್ದಳೆಗಾರ, ನಾಲ್ಕಾರು ಅರ್ಥಧಾರಿಗಳು ಒಂದು ಮನೆಯ ಜಗಲಿಯಲ್ಲಿ ಕುಳಿತರೆ ಬೆಳಗಿನವರೆಗೆ ಕೃಷ್ಣನಿಗೂ ಕೌರವನಿಗೂ ವಾದ ನಡೆಯುತ್ತದೆ. ಕೊಡೆ ಹಿಡಿದು, ಸೂಡಿ ಬೀಸಿಕೊಂಡು ಬಂದವರಿಗೆ ಮನೆಯವರು ಕಾಫಿ, ಅವಲಕ್ಕಿ ಒದಗಿಸುವರು. ಆದರೆ ಆ ಕಾಲದ ಜಗಲಿ ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ಜಾತಿಯ ಮೆಟ್ಟಿಲುಗಳು ಅಲ್ಲಿಯೂ ಇದ್ದವು. ಕೆಲವರು ಜಗಲಿಯ ಮೇಲೆ, ಕೆಲವರು ಅಂಗಳದಲ್ಲಿ. ಹಳೆಯ ದಿನಗಳನ್ನು ಹೊಗಳುವವರು ಅಂಗಳದಲ್ಲಿ ಕುಳಿತವರ ದೃಷ್ಟಿಯಿಂದಲೂ ಆ ರಾತ್ರಿಗಳನ್ನು ನೋಡುವುದು ನ್ಯಾಯ.

ಆದ್ದರಿಂದ ಯಾರ ಮನೆಯದೂ ಅಲ್ಲದ, ಎಲ್ಲರದೂ ಆದ ಒಂದು ಜಗಲಿ ಬೇಕಾಗಿತ್ತು. ಸಾಗರಕ್ಕೆ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಈ ಬೆಳಕಿನಲ್ಲಿ ಕಾಣಬಹುದು. ಮುಂದೆ ನೀನಾಸಮ್ ಎಂಬ ಮೊಟಕು ಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆ ಮೊದಲಿಗೆ ಅಡಿಕೆ ಬೆಳೆಯುವ ಹಳ್ಳಿಯೊಂದರ ಹವ್ಯಾಸಿ ನಾಟಕ ಸಂಘ ಮಾತ್ರವೇ ಆಗಿತ್ತು. ಇದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು (1932–2005) ಮೈಸೂರಿನಲ್ಲಿ ಓದಿ ಊರಿಗೆ ಮರಳಿದವರು. ಅಕ್ಷರ ಪ್ರಕಾಶನವನ್ನು ಅವರು ನಡೆಸಿದ್ದೂ ಆ ಹಳ್ಳಿಯಿಂದಲೇ. ಪೇಟೆಯಲ್ಲಿ ದೊರೆಯುವ ವಿದ್ಯೆಯನ್ನು ಹಳ್ಳಿಗೆ ತರುವುದರಲ್ಲಿ ಹೊಸತೇನಿಲ್ಲ. ಹಳ್ಳಿಯ ಜನ ಆ ವಿದ್ಯೆಗೆ ಅರ್ಹರು ಎಂಬ ನಂಬಿಕೆಯಿಂದ ತಂದದ್ದು ಹೊಸದು. 1972ರಲ್ಲಿ ಅಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ಚಿತ್ರಸಮಾಜ ಹುಟ್ಟಿತು; ಸತ್ಯಜಿತ್ ರಾಯ್, ಜಪಾನಿನ ಕುರೋಸಾವ ಮೊದಲಾದವರ ಚಲನಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ಕುಳಿತು ನೋಡಿದರು. ‘ಇವರಿಗೆ ಇದು ಅರ್ಥವಾದೀತೆ?’ ಎಂದು ಸಂದೇಹ ಪಡುವವರು ಒಂದು ಸಂಗತಿಯನ್ನು ಗಮನಿಸಬೇಕು. ರಾತ್ರಿಯಿಡೀ ಒಂದು ಪದ್ಯದ ಅರ್ಥಕ್ಕಾಗಿ ವಾದ ಕೇಳಿ ಬೆಳೆದ ಪ್ರೇಕ್ಷಕರು ಅವರು.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಆರಂಭವಾದವು. ತಿರುಗಾಟ ಎಂಬುದು ಯಕ್ಷಗಾನ ಮೇಳಗಳ ಮಾತು. ಮೇಳ ಊರಿಂದೂರಿಗೆ ಹೋಗುವಂತೆ ನೀನಾಸಮ್‌ನ ನಟರು ವರ್ಷವರ್ಷವೂ ಹೊಸ ನಾಟಕಗಳೊಡನೆ ಕರ್ನಾಟಕವನ್ನು ಸುತ್ತತೊಡಗಿದರು. ಪ್ರತಿಯೊಂದು ಊರಿನಲ್ಲಿಯೂ ಆ ಊರಿನ ಸಂಘವೊಂದು ಅವರನ್ನು ಬರಮಾಡಿಕೊಳ್ಳಬೇಕು, ಊಟ ವಸತಿಗಳನ್ನು ನೋಡಿಕೊಳ್ಳಬೇಕು, ಪ್ರೇಕ್ಷಕರನ್ನು ಕೂಡಿಸಬೇಕು. ಹೀಗೆ ಒಂದು ನಾಟಕದ ನೆವದಿಂದ ಅಲ್ಲಲ್ಲಿ ಹತ್ತಾರು ಮಂದಿ ಕೂಡಿ ಕೆಲಸ ಮಾಡುವ ಅಭ್ಯಾಸ ಬೆಳೆಯಿತು. ನಾಟಕಕ್ಕಿಂತ ಇದೇ ದೊಡ್ಡ ಫಲವೆಂದರೂ ಸಲ್ಲುತ್ತದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಹೊರದೇಶಗಳಿಗೂ ಪರಿಚಿತವಾಯಿತು.

ರಂಗಭೂಮಿಯ ಬದಿಯಲ್ಲಿಯೇ ಕೈಕಸುಬೂ ಚಿಗುರಿತು. ರಂಗನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘ ರೂಪುಗೊಂಡಿತು. ಕೈಮಗ್ಗದ ಬಟ್ಟೆಗೆ ಅಲ್ಲಿ ಬಳಸುವ ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆಯ ಚೊಗರೂ ಒಂದು. ಬೇಯಿಸಿದ ಅಡಿಕೆಯಿಂದ ಉಳಿಯುವ ಕೆಂಪು ರಸ ಬಟ್ಟೆಗೆ ಬಣ್ಣವಾಗಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಸಂಬಳವಾಗಿ ಮಾರ್ಪಟ್ಟಿತು. ಸಂಘದ ದಾರಿ ಸುಗಮವಾಗಿರಲಿಲ್ಲ. 2020ರಲ್ಲಿ ಅದು ತೀವ್ರವಾದ ಹಣದ ಮುಗ್ಗಟ್ಟಿಗೆ ಸಿಕ್ಕಿತು. ಸದುದ್ದೇಶ ಒಂದರಿಂದಲೇ ಮಗ್ಗ ಆಡುವುದಿಲ್ಲ, ಬಟ್ಟೆಯನ್ನು ಕೊಳ್ಳುವವರೂ ಬೇಕು.

ಆದರೆ ಸಂಘ, ಪ್ರಶಸ್ತಿ, ಕಟ್ಟಡಗಳಿಗಿಂತ ಹಿಂದಿನಿಂದಲೂ ಹೆಣ್ಣುಮಕ್ಕಳು ನಡೆಸಿಕೊಂಡು ಬಂದ ಒಂದು ಕೊಡುಕೊಳ್ಳುವಿಕೆ ಈ ಸೀಮೆಯಲ್ಲಿದೆ. ಅದಕ್ಕೆ ಅಧ್ಯಕ್ಷರಿಲ್ಲ, ವರದಿಯಿಲ್ಲ. ಮಲೆನಾಡಿನ ಗೃಹಿಣಿ ನೆಂಟರ ಮನೆಗೆ ಹೋದರೆ ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಡೇರೆಯ ಗೆಡ್ಡೆ, ದಾಸವಾಳದ ಟೊಂಗೆ, ಯಾವುದೋ ಅಪರೂಪದ ಬದನೆಯ ಬೀಜ ಅವಳ ಚೀಲದಲ್ಲಿರುತ್ತದೆ. ಸೌತೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿಯೋ ಸಗಣಿಯೊಂದಿಗೆ ಗೋಡೆಗೆ ತಟ್ಟಿಯೋ ಕಾಪಾಡುವ ಜಾಣ್ಮೆ ತಾಯಿಯಿಂದ ಮಗಳಿಗೆ ಬಂದದ್ದು. ಒಂದು ಮನೆಯಲ್ಲಿ ತಳಿ ನಾಶವಾದರೆ ಕೊಟ್ಟ ಮನೆಯಿಂದ ಮರಳಿ ತರಬಹುದು. ಬೀಜವನ್ನು ಹಂಚಿದವಳೇ ಅದನ್ನು ಉಳಿಸಿಕೊಂಡವಳು. ಶಿರಸಿಯ ‘ವನಸ್ತ್ರೀ’ ಬಳಗ ಈ ಹಳೆಯ ವಾಡಿಕೆಗೆ ಮೇಳದ ರೂಪ ಕೊಟ್ಟು, ಮಳೆಗಾಲದ ಮೊದಲಲ್ಲಿ ಬೀಜ ಸಸಿಗಳ ವಿನಿಮಯಕ್ಕೆ ಅನುವು ಮಾಡಿತು.

ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳಲ್ಲಿ ಬೇಸಾಯವೂ ಕಲೆಯೂ ಬೇರೆಬೇರೆಯಾಗಿಯೇ ಇಲ್ಲ. ಭೂಮಿ ಹುಣ್ಣಿಮೆಗೆ ಮುನ್ನ ಅವರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಹೊತ್ತೊಯ್ದ ಅಡುಗೆಯನ್ನು ತೆನೆಗಟ್ಟುವ ಪೈರಿಗೆ, ಬಸುರಿಗೆ ಬಡಿಸುವಂತೆ, ನಸುಕಿನಲ್ಲಿ ಬೀರುತ್ತಾರೆ. ಕಾಗೆಗೂ ಇಲಿಗೂ ಅದರಲ್ಲಿ ಪಾಲುಂಟು.

ಘಟ್ಟದ ಕೆಳಗೆ, ಕರಾವಳಿಯಲ್ಲಿ, ಕಲೆ ನೇರವಾಗಿ ಪರೋಪಕಾರದ ದಾರಿ ಹಿಡಿಯಿತು. ಶಾಲೆಯ ಕಟ್ಟಡಕ್ಕಾಗಿ, ದೇವಸ್ಥಾನಕ್ಕಾಗಿ ಸಹಾಯಾರ್ಥ ಆಟ ಆಡಿಸುವುದು ಅಲ್ಲಿ ಹಳೆಯ ರೂಢಿ. ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಈ ರೂಢಿಯನ್ನು ಬಹು ಮುಂದಕ್ಕೆ ಒಯ್ದಿತು. ಪತ್ತನಾಜೆಯ ಬಳಿಕ ಮೇಳಗಳು ಗೆಜ್ಜೆ ಬಿಚ್ಚಿದರೆ ದೀಪಾವಳಿಯ ಆಚೆಯವರೆಗೆ ಕಲಾವಿದನಿಗೆ ಸಂಪಾದನೆ ಕಡಿಮೆ. ರಾತ್ರಿ ಚಕ್ರವರ್ತಿಯಾಗಿ ಮೆರೆದವನ ಮನೆಯ ಮಾಡು ಸೋರುತ್ತಿರುವುದು ಅಪರೂಪವೇನಲ್ಲ. ಇಂತಹವರಿಗೆ ಮನೆ ಕಟ್ಟಿಕೊಳ್ಳಲು, ಕಾಯಿಲೆ ಮರಣಗಳ ಹೊತ್ತಿನಲ್ಲಿ ಕುಟುಂಬಕ್ಕೆ ಆಸರೆಯಾಗಲು ಅದು ‘ಯಕ್ಷನಿಧಿ’ಯನ್ನು ಏರ್ಪಡಿಸಿತು. 2005ರಲ್ಲಿ ಬಡ ವಿದ್ಯಾರ್ಥಿಗಳ ನೆರವಿಗೆ ‘ವಿದ್ಯಾಪೋಷಕ್’ ಬಂತು. ಕಾರ್ಯಕರ್ತರು ಅರ್ಜಿಯನ್ನಷ್ಟೇ ಓದದೆ ವಿದ್ಯಾರ್ಥಿಗಳ ಮನೆಗಳಿಗೇ ಹೋದರು. ಹೋದಾಗ ಕೆಲವೆಡೆ ಓದಲು ದೀಪವಿರಲಿಲ್ಲ, ಕೆಲವೆಡೆ ಮನೆಯೆಂಬುದೇ ಹೆಸರಿಗಷ್ಟೇ ಇತ್ತು. ಶುಲ್ಕ ಕಟ್ಟಲು ಹೊರಟವರು ದಾನಿಗಳನ್ನು ಹುಡುಕಿ ಮನೆ ಕಟ್ಟಿಸತೊಡಗಿದರು.

ಇಂದು ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ವಯಸ್ಸಾದ ಇಬ್ಬರು ಮಾತ್ರ ಉಳಿದಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿ. ಎಲೆಚುಕ್ಕಿ ರೋಗ ತೋಟಗಳನ್ನು ಒಣಗಿಸುತ್ತಿದೆ. ಮುಯ್ಯಾಳು ಕರೆಯೋಣವೆಂದರೆ ನೆರೆಮನೆಯ ಬಾಗಿಲಿಗೆ ಬೀಗ. ನಾಟಕವೊಂದೇ ಇದನ್ನು ಸರಿಪಡಿಸೀತೆಂದು ಹೇಳುವುದು ಅತಿಶಯವಾದೀತು. ಆದರೂ ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ದೂರದೂರದ ಯುವಕರು ಬಂದು ಸೇರುತ್ತಾರೆ. ಉಡುಪಿಯ ಪ್ರೌಢಶಾಲೆಗಳಲ್ಲಿ ಪಾಠದ ಅವಧಿ ಮುಗಿದ ಮೇಲೆ ತಾಳ ಹಿಡಿದ ಗುರುವಿನ ಮುಂದೆ ಮಕ್ಕಳು ಹೆಜ್ಜೆ ಕಲಿಯುತ್ತಾರೆ. ವರ್ಷದ ಕೊನೆಗೆ ನಡೆಯುವ ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ಕೇದಗೆ ಮುಂದಲೆ ಕಟ್ಟಿ ರಂಗಕ್ಕೆ ಬರುವವರಲ್ಲಿ, ಒಂದು ಕಾಲಕ್ಕೆ ಆಟವನ್ನು ದೂರದಿಂದ ನೋಡುವುದಕ್ಕೆ ಮಾತ್ರ ಅವಕಾಶವಿದ್ದ ಹೆಣ್ಣುಮಕ್ಕಳೂ ಇದ್ದಾರೆ.