ಜೀವಕೋಶಗಳ ಸಹಬಾಳ್ವೆ



ನಮ್ಮ ಶರೀರದಲ್ಲಿ ಸುಮಾರು ೩೦ ಲಕ್ಷ ಕೋಟಿ ಜೀವಕೋಶಗಳಿವೆ. ಚರ್ಮದ ಕೋಶಗಳು ಸವೆದು ಉದುರುತ್ತವೆ. ರಕ್ತದ ಕೆಂಪು ಕಣಗಳು ಸುಮಾರು ೧೨೦ ದಿನ ದುಡಿದು ಅಳಿಯುತ್ತವೆ. ಮುಂದಿನ ಪೀಳಿಗೆಯನ್ನು ಸೇರುವ ಭಾಗ್ಯವು ಸಂತಾನಕೋಶಗಳಿಗೆ ಮಾತ್ರ. ಆದರೆ ಭೂಮಿಯ ಮೇಲೆ ಮೊದಲು ಇದ್ದುದು ಏಕಕೋಶ ಜೀವಿಗಳೇ. ಅವುಗಳಲ್ಲಿ ಪ್ರತಿಯೊಂದೂ ತಾನೇ ಉಂಡು, ತಾನೇ ಇಬ್ಭಾಗವಾಗಿ ವಂಶವನ್ನು ಬೆಳೆಸುತ್ತಿತ್ತು. ಅಂಥ ಸ್ವತಂತ್ರ ಕೋಶಗಳ ಸಂತತಿಯು ಪರರಿಗಾಗಿ ದುಡಿದು ಸಾಯುವ ಪದ್ಧತಿಗೆ ಬಂದುದು ಹೇಗೆ?

ಇದನ್ನರಿಯಲು ಮಣ್ಣಿನಲ್ಲಿ ವಾಸಿಸುವ ಒಂದು ಅಮೀಬವನ್ನು ನೋಡೋಣ. ಅದರ ಹೆಸರು ಡಿಕ್ಟಿಯೋಸ್ಟೀಲಿಯಮ್ ಡಿಸ್ಕಾಯ್ಡಿಯಮ್. ೧೯೩೩ರಲ್ಲಿ ಕೆನೆತ್ ರೇಪರ್ ಎಂಬ ವಿಜ್ಞಾನಿಯು ಅಮೆರಿಕದ ಉತ್ತರ ಕ್ಯಾರೊಲೈನಾದ ಕಾಡಿನಲ್ಲಿ, ಕೊಳೆತ ಎಲೆಗಳ ನಡುವೆ ಇದನ್ನು ಕಂಡರು. ಆಹಾರವಾದ ಬ್ಯಾಕ್ಟೀರಿಯಗಳು ಸಮೃದ್ಧವಾಗಿರುವಾಗ ಪ್ರತಿ ಅಮೀಬವೂ ಒಂಟಿಯಾಗಿ ಬಾಳುತ್ತದೆ. ಆಹಾರವು ಮುಗಿದಾಗ ಹಸಿದ ಕೋಶಗಳು ಒಂದು ರಾಸಾಯನಿಕ ವಸ್ತುವನ್ನು ಹೊರಸೂಸುತ್ತವೆ. ಆ ಕರೆಯನ್ನು ಅನುಸರಿಸಿ ಹತ್ತಾರು ಸಾವಿರ ಅಮೀಬಗಳು ಒಂದೆಡೆ ಸೇರಿ, ಕೆಲವೇ ಮಿಲಿಮೀಟರ್ ಉದ್ದದ ಹುಳುವಿನಂತಾಗಿ ಬೆಳಕಿನ ಕಡೆಗೆ ತೆವಳುತ್ತವೆ. ಕೊನೆಗೆ ಒಂದು ಸಣ್ಣ ದಂಟು ಎದ್ದು ನಿಲ್ಲುತ್ತದೆ. ಸುಮಾರು ಐದರಲ್ಲಿ ಒಂದು ಪಾಲು ಕೋಶಗಳು ದಂಟಾಗಿ ಸಾಯುತ್ತವೆ. ಉಳಿದವು ಅದರ ತುದಿಯಲ್ಲಿ ಬೀಜಕಗಳಾಗಿ, ಆಹಾರವುಳ್ಳ ಹೊಸ ನೆಲವನ್ನು ಸೇರಲು ಕಾಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರೂ ಈ ಜೀವಿಯನ್ನು ಕುರಿತು ಸಂಶೋಧನೆ ನಡೆಸಿದ್ದಾರೆ.

ಕಲಹವು ಹುಟ್ಟುವುದೂ ಇಲ್ಲಿಯೇ. ಕೂಡಿದ ಅಮೀಬಗಳೆಲ್ಲ ಒಂದೇ ವಂಶದವಾಗಿರಬೇಕೆಂದಿಲ್ಲ. ೨೦೦೦ದಲ್ಲಿ ಜೋನ್ ಸ್ಟ್ರಾಸ್‌ಮನ್, ಡೇವಿಡ್ ಕ್ವೆಲರ್ ಮತ್ತು ಸಂಗಡಿಗರು ಬೇರೆ ಬೇರೆ ವಂಶಗಳನ್ನು ಎರಡೆರಡಾಗಿ ಬೆರೆಸಿ ನೋಡಿದರು. ಕೆಲವು ಬೆರಕೆಗಳಲ್ಲಿ ಒಂದು ವಂಶವು ದಂಟಿಗೆ ಕಡಿಮೆ ಕೋಶಗಳನ್ನು ಕೊಟ್ಟು, ಬೀಜಕಗಳಲ್ಲಿ ಹೆಚ್ಚಿನ ಪಾಲನ್ನು ಪಡೆದಿತ್ತು. ಇಂಥ ವಂಚಕ ಕೋಶಗಳಲ್ಲಿ ಒಂದು ಬಗೆಯದನ್ನು ಪ್ರತ್ಯೇಕವಾಗಿ ಬೆಳೆಸಿದಾಗ, ಅವುಗಳಿಂದ ಬೀಜಕಗಳೇ ಸರಿಯಾಗಿ ಆಗಲಿಲ್ಲ! ಚಾಳಿನ ನಳದ ಮುಂದೆ ಒಬ್ಬನು ಸರದಿ ತಪ್ಪಿಸಿದರೆ ಅವನ ಕೊಡ ತುಂಬೀತು. ಎಲ್ಲರೂ ಹಾಗೆ ನುಗ್ಗಿದರೆ ಯಾರ ಕೊಡವೂ ತುಂಬದು.

ನಮ್ಮ ಶರೀರವು ಈ ಕಲಹವನ್ನು ಅಡಗಿಸಿರುವುದು ಎರಡು ಬಗೆಯಿಂದ. ಮೊದಲನೆಯದು ರಕ್ತಸಂಬಂಧ. ನಾವು ಅಲ್ಲಲ್ಲಿಂದ ಕೂಡಿಬಂದ ಕೋಶಗಳ ಗುಂಪಲ್ಲ. ತಾಯಿಯ ಗರ್ಭದಲ್ಲಿ ಒಂದೇ ಕೋಶವು ವಿಭಜನೆಗೊಂಡು ನಾವಾದೆವು. ಆದುದರಿಂದ ಚರ್ಮದ ಕೋಶವು ಸತ್ತರೂ ಅದರ ಒಡಹುಟ್ಟಿದ ಸಂತಾನಕೋಶವು ಅದೇ ವಂಶವನ್ನು ಮುಂದಕ್ಕೊಯ್ಯುತ್ತದೆ. ಎರಡನೆಯದು ಕಾವಲು. ಕೋಶದ ಆನುವಂಶಿಕ ವಸ್ತುವು ಕೆಟ್ಟಾಗ ಅದರ ವಿಭಜನೆಗೆ ತಡೆ ಬೀಳುತ್ತದೆ. ಕೆಡುಕು ಹೆಚ್ಚಾದರೆ ಕೋಶವು ತಾನಾಗಿಯೇ ಅಳಿಯುತ್ತದೆ. ಈ ಕಾವಲನ್ನು ತಪ್ಪಿಸಿಕೊಂಡು ಮಿತಿಮೀರಿ ಬೆಳೆಯುವ ಕೋಶಗಳ ದಂಗೆಯೇ ಅರ್ಬುದ ರೋಗ, ಎಂದರೆ ಕ್ಯಾನ್ಸರ್. ಅದು ನಮ್ಮವೇ ಕೋಶಗಳ ದ್ರೋಹ. ಆಶ್ರಯವಿತ್ತ ಶರೀರವು ಅಳಿದಾಗ ಆ ಕೋಶಗಳೂ ಅಳಿಯುತ್ತವೆ.

ಕೋಶಕ್ಕೆ ಬುದ್ಧಿಯಿಲ್ಲ, ತ್ಯಾಗ, ವಂಚನೆ, ದ್ರೋಹ ಎಂಬುವು ನಾವು ಇಟ್ಟ ಹೆಸರುಗಳು. ಆದರೂ ಮುಂದೊಮ್ಮೆ ಆಟದಲ್ಲಿ ನಿಮ್ಮ ಮೊಣಕಾಲು ತರಚಿದರೆ, ಗಾಯವು ಮಾಯುವ ಬಗೆಯನ್ನು ಗಮನಿಸಿರಿ. ಕೋಶಗಳು ಬೇಕಾದಷ್ಟೇ ವೃದ್ಧಿಯಾಗಿ, ಗಾಯವು ಮುಚ್ಚಿದ ಮೇಲೆ ತಡೆಯುತ್ತವೆ. ಬೆಳೆಯುವಷ್ಟೇ ನಿಲ್ಲುವುದೂ ಅವಕ್ಕೆ ಸಾಧ್ಯವಾದುದರಿಂದ ನಾವು ಬದುಕಿದ್ದೇವೆ.