ಸದಸ್ಯನ ಲಾಭ ಧಾರಣೆಯಲ್ಲಿ

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿತು. ಮಾಲು ತೋಟದವರದ್ದು, ದರ ಹೇಳುವ ಬಾಯಿ ಮಾತ್ರ ವ್ಯಾಪಾರಿಯದ್ದು. ಆ ಬಿಕ್ಕಟ್ಟಿನಲ್ಲಿ ಹುಟ್ಟಿದ್ದೇ ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಈ ಸಹಕಾರಿಯಲ್ಲಿ ಕರ್ನಾಟಕದವರ ಜೊತೆ ಕೇರಳದ ಬೆಳೆಗಾರರೂ ಸದಸ್ಯರು.

ಬೆಳೆದ ಅಡಿಕೆಯನ್ನೆಲ್ಲ ಕ್ಯಾಂಪ್ಕೊ ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಅದು ಮಾರುಕಟ್ಟೆಯಲ್ಲಿ ಖರೀದಿದಾರನಾಗಿ ನಿಂತಿದ್ದರೆ ಸಾಕು, ಉಳಿದವರು ದರವನ್ನು ಮನಬಂದಂತೆ ಇಳಿಸುವುದು ಕಷ್ಟ. ಕೊಕ್ಕೊಗೆ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದರ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಕಂಪನಿಯಲ್ಲಿ ಷೇರು ಹೆಚ್ಚಿದಷ್ಟೂ ಮತದ ತೂಕ ಹೆಚ್ಚು. ಸಹಕಾರ ಸಂಘದಲ್ಲಿ ಹತ್ತು ಎಕರೆಯವನಿಗೂ ಹತ್ತು ಗುಂಟೆಯವನಿಗೂ ಒಂದೇ ಮತ. ಲಾಭಾಂಶಕ್ಕೆ ಮಿತಿಯಿದೆ; ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿವ್ವಳ ಲಾಭದ ಕನಿಷ್ಠ ಶೇ 25ರಷ್ಟು ಮೀಸಲು ನಿಧಿಗೆ ಹೋಗಬೇಕು. ಹಾಗಾಗಿ ಲಾಭಾಂಶವನ್ನೇ ನೆಚ್ಚಿ ಪಾಲು ಹಣ ಕಟ್ಟಿದವರಿಗೆ ನಿರಾಸೆ ಖಚಿತ. ಸದಸ್ಯನ ನಿಜವಾದ ಗಳಿಕೆ ಇರುವುದು ವ್ಯವಹಾರದಲ್ಲಿ: ಸರಿಯಾದ ತೂಕ, ನ್ಯಾಯದ ಧಾರಣೆ, ಹಂಗಾಮಿಗೆ ಸಿಗುವ ಸಾಲ, ಗೊಬ್ಬರ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದ ಆಸರೆಯೂ ಅಂಥದ್ದೇ.

ತೊಡಕು ಇಲ್ಲೇ ಇದೆ. ಸಂಘ ಎತ್ತಿ ಹಿಡಿದ ದರದ ಫಲ ಸದಸ್ಯರಲ್ಲದವರಿಗೂ ಸಿಗುತ್ತದೆ. ಹೊರಗೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಸಿಕ್ಕಿದ ದಿನ ಸದಸ್ಯನೂ ಅತ್ತ ಹೊರಳುತ್ತಾನೆ, ದರ ಬಿದ್ದ ದಿನ ಮೂಟೆ ಹೊತ್ತು ಸಂಘದ ಬಾಗಿಲಿಗೆ ಬರುತ್ತಾನೆ. ಎಲ್ಲರೂ ಹೀಗೆ ಮಾಡಿದರೆ ಇಳಿಮುಖದ ಮಾಲೆಲ್ಲ ಸಂಘದ ಗೋದಾಮಿನಲ್ಲಿ, ಏರುಮುಖದ ಲಾಭವೆಲ್ಲ ಬೇರೆಯವರ ಗಲ್ಲಾಪೆಟ್ಟಿಗೆಯಲ್ಲಿ. ಫಸಲಿನ ಒಂದು ಪಾಲನ್ನಾದರೂ ವರ್ಷವಿಡೀ ಸಂಘಕ್ಕೆ ಕೊಡುವ ರೂಢಿ ಇಟ್ಟುಕೊಳ್ಳುವುದು ಬೆಳೆಗಾರನಿಗೇ ಹಿತ.

ವಾರ್ಷಿಕ ಮಹಾಸಭೆಗೆ ಊಟದ ಹೊತ್ತಿಗೆ ಬಂದು ಹೋಗುವವರು ಎಲ್ಲ ಊರಲ್ಲೂ ಇದ್ದಾರೆ. ತುಸು ಮೊದಲೇ ಬಂದು ವರದಿ ಪುಸ್ತಿಕೆ ತಿರುವಿದರೆ ಮೂರು ಸಂಗತಿ ತಿಳಿಯುತ್ತವೆ: ಸುಸ್ತಿ ಸಾಲ ಏರುತ್ತಿದೆಯೇ, ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಗಳಿಗೆ ಉತ್ತರ ಸಿಕ್ಕಿದೆಯೇ, ದಾಸ್ತಾನಿನ ಲೆಕ್ಕ ತಾಳೆಯಾಗುತ್ತಿದೆಯೇ. ಇವನ್ನು ಆಡಳಿತ ಮಂಡಳಿಯ ಎದುರೇ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.